ಮೈಲುತುತ್ತು ಕುಡಿದವರ ವಾಂತಿ ನಿಂತಿತೆಂದು ನೆಮ್ಮದಿಪಡಬೇಡಿ

ಅಡಿಕೆಯ ಕೊಳೆರೋಗವಾದ ಮಹಾಳಿಗೆ ಮದ್ದು ಬಿಡುವ ದಿನಗಳಲ್ಲಿ ಮೈಲುತುತ್ತನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಮನೆಯಲ್ಲಿ ಇಟ್ಟುಕೊಳ್ಳುವ ಕಾಸರಗೋಡಿನ ಅಡಿಕೆ ಕೃಷಿಕರೆಲ್ಲ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಪೆರ್ಲದ ಸಮೀಪದ ನಮ್ಮ ತೋಟದಲ್ಲಿ ಕಳೆದ ಮಳೆಗಾಲದ ಆರಂಭದಲ್ಲಿ ನಡೆದದ್ದು ಇನ್ನೊಂದು ಮನೆಯಲ್ಲಿ ನಡೆಯಬಾರದು.

1 ಕಿಲೋ ತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಮಹಾಳಿಗೆ ಬಿಡುವ ಬೋರ್ಡೋ ದ್ರಾವಣ ಮಾಡಿ, ಮಿಕ್ಕ ತುತ್ತಿನ ನೀರನ್ನು ಒಳಗಿನದು ಕಾಣದ ಹಸಿರು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ ಕೊಟ್ಟಿಗೆಯ ಜಗಲಿಯಲ್ಲಿಟ್ಟವನು ನಾನೇ. ಅದು ಮಕ್ಕಳು ಶಾಲೆಗೆ ಒಯ್ಯುತ್ತಿದ್ದ ನೀರಿನ ಬಾಟಲಿ. ತೋಟದಿಂದ ಬಾಯಾರಿ ಬಂದ ಅಣ್ಣನ ಮಗ ಎರಡು ಗುಟುಕು ನುಂಗಿದ ಮೇಲೆಯೇ ಅವನಿಗೆ ರುಚಿ ತಿಳಿಯಿತು. ಕೂಡಲೇ ನೀಲಿ ಹಸಿರು ಬಣ್ಣದ ವಾಂತಿ ಶುರುವಾಯಿತು. ಹತ್ತಿರದ ಆಸ್ಪತ್ರೆಯಲ್ಲಿ ವಾಂತಿ ನಿಲ್ಲುವ ಔಷಧಿ ಕೊಟ್ಟು, ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಹೋಗಿದೆ ಎಂದು ಹೇಳಿ ಸಂಜೆಗೆ ಮನೆಗೆ ಕಳುಹಿಸಿದರು. ರಾತ್ರಿ ಅವನು ಗಂಜಿ ಉಂಡದ್ದನ್ನು ಕಂಡು ನಾವೂ ಸಮಾಧಾನಪಟ್ಟುಕೊಂಡೆವು. ನಾವು ಮೋಸ ಹೋದದ್ದು ಅಲ್ಲಿಯೇ.

ಮರುದಿನ ಬೆಳಿಗ್ಗೆ ಅವನ ಮೂತ್ರ ಹಾಲು ಹಾಕದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ಹಳದಿಯಾಗಿತ್ತು, ತುಟಿ ಕಪ್ಪಿಟ್ಟಿತ್ತು. ಮಂಗಳೂರಿಗೆ ಕರೆದೊಯ್ದೆವು. ಅಲ್ಲಿನ ವೈದ್ಯರು ರಕ್ತದ ಮಾದರಿಯ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಣಗಳು ತಳಕ್ಕೆ ಇಳಿದ ಮೇಲೆ ಒಣಹುಲ್ಲಿನಂತೆ ತಿಳಿಹಳದಿಯಾಗಿ ಕಾಣಬೇಕಾಗಿದ್ದ ಮೇಲಿನ ದ್ರವ ಕೆಂಪಾಗಿಯೇ ಇತ್ತು. ಕೆಂಪು ರಕ್ತಕಣಗಳು ರಕ್ತನಾಳದೊಳಗೇ ಒಡೆದು, ಅವುಗಳಲ್ಲಿದ್ದ ಹಿಮೋಗ್ಲೋಬಿನ್ ಹೊರಗೆ ಚೆಲ್ಲಿತ್ತು.

ಅವರು ವಿವರಿಸಿದ್ದನ್ನು ನಾನು ಅರ್ಥಮಾಡಿಕೊಂಡಷ್ಟು ಬರೆಯುತ್ತೇನೆ. ಕೆಂಪು ಕಣಕ್ಕೆ ಸುಮಾರು 120 ದಿನಗಳ ಆಯುಸ್ಸಿದ್ದರೂ ಅದರಲ್ಲಿ ಕೋಶಕೇಂದ್ರವಿಲ್ಲದ ಕಾರಣ, ಕೆಟ್ಟುಹೋದ ಪ್ರೋಟೀನಿನ ಬದಲಿಗೆ ಹೊಸದನ್ನು ತಯಾರಿಸಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ. ಗ್ಲುಟಾಥಯೋನ್ ಎಂಬ ವಸ್ತುವೇ ಅದನ್ನು ಉತ್ಕರ್ಷಣದಿಂದ, ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವಂಥ ಕೆಡುಕಿನಿಂದ, ಕಾಯುತ್ತದೆ. ರಕ್ತಕ್ಕೆ ಸೇರಿದ ತಾಮ್ರವು ಈ ಕಾವಲನ್ನು ಬರಿದು ಮಾಡಿ, ಹಿಮೋಗ್ಲೋಬಿನನ್ನು ಆಮ್ಲಜನಕ ಹೊರಲಾರದ ಮೆಥೆಮೋಗ್ಲೋಬಿನ್ ಆಗಿಸುತ್ತದೆ. ತುಟಿ ಕಪ್ಪಿಟ್ಟದ್ದು ಅದರಿಂದ. ಕೆಟ್ಟ ಹಿಮೋಗ್ಲೋಬಿನ್ ಗಂಟುಗಟ್ಟಿ ಕಣದ ಪೊರೆಗೆ ಅಂಟಿಕೊಳ್ಳುತ್ತದೆ, ತಾಮ್ರ ಪೊರೆಯನ್ನೂ ನೇರವಾಗಿ ಕೆಡಿಸುತ್ತದೆ, ಕೊನೆಗೆ ಕಣ ಒಡೆಯುತ್ತದೆ. ಚೆಲ್ಲಿದ ಹಿಮೋಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಂಡು ಅವುಗಳನ್ನು ಹಾಳುಮಾಡುತ್ತದೆ. ಇದೆಲ್ಲ ಸಾಮಾನ್ಯವಾಗಿ ಕುಡಿದ 12ರಿಂದ 24 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ, ಅಂದರೆ ವಾಂತಿ ನಿಂತು ಮನೆಯವರು ನಿಟ್ಟುಸಿರು ಬಿಟ್ಟ ಮೇಲೆ.

ದ್ರಾವಣದಲ್ಲಿ ಸುಣ್ಣ ಸಾಕೇ ಎಂದು ನೋಡಲು ನಾವು ಕತ್ತಿಯ ಅಲಗನ್ನು ಅದ್ದುತ್ತೇವೆ; ಅಲಗು ಕೆಂಪಾದರೆ ಇನ್ನೂ ಸುಣ್ಣ ಬೇಕು. ಅಲಗಿಗೆ ಹತ್ತುವ ಆ ತಾಮ್ರವೇ ಹುಡುಗನ ರಕ್ತಕ್ಕೆ ಸೇರಿದ್ದು. ಎಷ್ಟೋ ವರ್ಷ ಅದನ್ನು ಕಣ್ಣಾರೆ ನೋಡಿದ್ದರೂ ನನಗೆ ಅದರ ಭಯ ಹುಟ್ಟಿರಲಿಲ್ಲ. ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ಇಷ್ಟು ನೊಂದ ಈ ನಾಡಿನಲ್ಲಿಯೂ ತುತ್ತನ್ನು ಯಾರೂ ವಿಷವೆಂದು ಎಣಿಸುವುದಿಲ್ಲ.

ಹಿಮೋಗ್ಲೋಬಿನ್ 6ಕ್ಕೆ ಇಳಿದು, ಅವನಿಗೆ ಮೂರು ಬಾಟಲಿ ರಕ್ತ ಕೊಡಬೇಕಾಯಿತು, ನಾಲ್ಕು ಬಾರಿ ಡಯಾಲಿಸಿಸ್ ಆಯಿತು. ಈಗ ಗುಣವಾಗಿದ್ದಾನೆ.

ಯಾರಾದರೂ ತುತ್ತು ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದು ಮೇಲೆ ಬರುವಾಗ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತದೆ. ತುತ್ತಿನ ಚೀಲವನ್ನೇ ಆಸ್ಪತ್ರೆಗೆ ಒಯ್ಯಿರಿ, ನುಂಗಿದ್ದು ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ಹೇಳಿರಿ. ಮೆಥೆಮೋಗ್ಲೋಬಿನ್‌ಗೆ ಕೊಡುವ ಮೆಥಿಲೀನ್ ಬ್ಲೂ ಔಷಧಿಯು ಜಿ6ಪಿಡಿ ಕಿಣ್ವದ ಕೊರತೆಯಿರುವವರ ಕಣಗಳನ್ನು ಇನ್ನಷ್ಟು ಒಡೆಯುವುದರಿಂದ, ಮನೆಯಲ್ಲಿ ಯಾರಿಗಾದರೂ ಆ ಕೊರತೆಯಿದ್ದರೆ ಅದನ್ನೂ ತಿಳಿಸಿರಿ. ವಾಂತಿ ನಿಂತಿತೆಂದು ಮನೆಗೆ ಕಳುಹಿಸಲು ಹೊರಟರೆ, ಕನಿಷ್ಠ ಎರಡು ದಿನ ಅಲ್ಲಿಯೇ ಇರಿಸಿಕೊಂಡು ರಕ್ತ ಮತ್ತು ಮೂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸುವಂತೆ ಕೇಳಿಕೊಳ್ಳಿರಿ.