ಸೊಂಟನೋವಿಗೆ ಕಾರಣ ಹುಡುಕಿಕೊಟ್ಟ ಕ್ಲಿನಿಕ್ಕು

ಅಮ್ಮಂಗೆ ವರ್ಷಗಟ್ಲೆ ಸೊಂಟನೋವು, ಎಲ್ಲೋದ್ರೂ ಬರೀ ಪೇನ್‌ಕಿಲ್ಲರ್ರು, ಬೆಲ್ಟು, ವಯಸ್ಸಾಯ್ತಲ್ವಾ ಅನ್ನೋ ಡೈಲಾಗು ಬೇರೆ. ಆಮೇಲೆ ನಡೀತಾ ನಡೀತಾ ಎಡಗಾಲಿನ ಚಪ್ಪಲಿ ಗೊತ್ತಿಲ್ದೇ ಕಳಚೋಕೆ ಶುರುವಾದ್ಮೇಲೆ ಈ ನ್ಯೂರೋ ಕ್ಲಿನಿಕ್ಕಿಗೆ ಕರ್ಕೊಂಡ್ ಬಂದ್ವಿ. ಡಾಕ್ಟ್ರು ಸ್ಕ್ಯಾನ್ ಬರೆಯೋ ಮುಂಚೆ ಹಿಮ್ಮಡಿ ಮೇಲೆ ನಡೆಸಿದ್ರು, ಕಾಲಿನ ಹೆಬ್ಬೆರಳು ಮೇಲೆತ್ತಿಸಿ ತಮ್ಮ ಬೆರಳಿಂದ ಒತ್ತಿದ್ರು, ಪಾಪ ಅಮ್ಮಂಗೆ ತಡೆಯೋಕೇ ಆಗ್ಲಿಲ್ಲ. ಸೊಂಟದಿಂದ ಕಾಲಿಗೆ ಹೋಗೋ ಎಲ್5 ಅನ್ನೋ ನರದ್ದೇ ತೊಂದ್ರೆ ಇರ್ಬೇಕು ಅಂದ್ರು, ಎಂಆರ್‌ಐನಲ್ಲೂ ಸೊಂಟದ ಹತ್ರ ಬೆನ್ನುಮೂಳೆಗಳ ಮಧ್ಯೆ ಮೆತ್ತೆ ಥರ ಇರೋ ಎಲ್4-ಎಲ್5 ಡಿಸ್ಕ್ ಅದನ್ನೇ ಒತ್ತಿರೋದು ಕಾಣಿಸ್ತು. ಬಿ12, ಶುಗರ್ರೂ ನೋಡ್ಸಿದ್ರು, ಅದ್ರಲ್ಲಿ ಏರುಪೇರಾದ್ರೂ ನರಕ್ಕೆ ತೊಂದ್ರೆ ಅಂತೆ. ಮೂತ್ರ ಕಟ್ಟಿದ್ರೆ, ಕೂರೋ ಜಾಗ ಮರಗಟ್ಟಿದ್ರೆ ನಡುರಾತ್ರಿ ಆದ್ರೂ ಎಮರ್ಜೆನ್ಸಿಗೆ ಓಡಿ ಅಂತ ಒತ್ತಿ ಹೇಳಿದ್ರು. ಕಾಯೋದು ಮಾತ್ರ ವಿಪರೀತ, ಆ ಕುರ್ಚಿಗಳೋ ಸೊಂಟನೋವಿನವ್ರು ಕೂರೋ ಥರ ಇಲ್ವೇ ಇಲ್ಲ.