ಹುಬ್ಬಳ್ಳಿಯ ಕ್ರಿಕೆಟ್ ಕ್ಲಬ್ಬೊಂದರ ಸ್ಮರಣ ಸಂಚಿಕೆ: ಮ್ಯಾಟಿನ ಪುಟಗಳು ಚೆನ್ನ, ಸನ್ಮಾನದ ಪುಟಗಳು ಹೆಚ್ಚು

ಹುಬ್ಬಳ್ಳಿಯ ಹಳೆಯ ಹವ್ಯಾಸಿ ಕ್ರಿಕೆಟ್ ಕ್ಲಬ್ಬೊಂದು ತನ್ನ ಆರಂಭದ ವರ್ಷಗಳ ಕುರಿತು ಹೊರತಂದಿರುವ ಈ ಸಂಚಿಕೆಯಲ್ಲಿ, ಶುಭಾಶಯ ಸಂದೇಶಗಳನ್ನೂ ಜಾಹೀರಾತುಗಳನ್ನೂ ದಾಟಿದ ಮೇಲೆ ಸಿಗುವ ಒಂದು ಅಧ್ಯಾಯಕ್ಕಾಗಿಯೇ ಇದನ್ನು ಕೊಳ್ಳಬಹುದು. ಹಿಂದಿನ ಖಜಾಂಚಿಯೊಬ್ಬರ ಲೆಕ್ಕದ ವಹಿಯನ್ನು ಆಧರಿಸಿದ ಆ ಅಧ್ಯಾಯದಲ್ಲಿ, ಸದಸ್ಯರು ಕೂಡಿಸಿದ ವರ್ಗಣಿಯ ಬಹುಪಾಲು ಬ್ಯಾಟಿಗಲ್ಲ, ಮ್ಯಾಟಿಗೆ ಹೋಗುತ್ತಿತ್ತೆಂಬುದು ತಿಳಿಯುತ್ತದೆ. ನೀರುಣಿಸಿ, ರೋಲರ್ ಎಳೆದು ಹುಲ್ಲಿನ ಪಿಚ್ಚನ್ನು ಕಾಪಾಡುವ ಅನುಕೂಲವಿಲ್ಲದ ಕ್ಲಬ್ಬುಗಳು ಗಟ್ಟಿ ನೆಲದ ಮೇಲೆ ನಾರಿನ ಮ್ಯಾಟ್ ಹಾಸಿ, ಅಂಚಿಗೆ ಮೊಳೆ ಹೊಡೆದು ಆಡುತ್ತಿದ್ದವು. ಮ್ಯಾಟನ್ನು ಬಿಗಿಯಾಗಿ ಎಳೆದರೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ತುಸು ಸಡಿಲ ಬಿಟ್ಟರೆ ಸ್ಪಿನ್ನರಿಗೆ ಹಿಡಿತ ಸಿಗುತ್ತದೆ. ಆದ್ದರಿಂದ ಬೆಳಿಗ್ಗೆ ಮೊಳೆ ಹೊಡೆಯಲು ಯಾವ ತಂಡದವರು ಮೊದಲು ಬಂದರು ಎಂಬುದೂ ಪಂದ್ಯದ ಗತಿಯನ್ನು ಬದಲಿಸುತ್ತಿತ್ತೆಂಬ ಲೇಖಕರ ಮಾತು ನಂಬುವಂತಿದೆ.

ಚರಿತ್ರೆಯ ವಿಷಯದಲ್ಲಿ ಮಾತ್ರ ಸಂಪಾದಕರು ಇನ್ನಷ್ಟು ಎಚ್ಚರ ವಹಿಸಬೇಕಿತ್ತು. 1960ರ ದಶಕದ ಟೂರ್ನಿಗಳನ್ನೂ ಅವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಹೆಸರಿನಲ್ಲೇ ಬರೆದಿದ್ದಾರೆ. ಆಗ ಅದು ಇನ್ನೂ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯಾಗಿತ್ತು, ಈಗಿನ ಹೆಸರು ಬಂದದ್ದು 1973ರಲ್ಲಿ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯಕ್ಕೆ ಸೇರಿತ್ತೆಂಬುದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಅಲ್ಲಿಯವರೆಗೆ ಮುಂಬೈ, ಪುಣೆಯ ಕಡೆ ನೋಡುತ್ತಿದ್ದ ಊರು ಒಮ್ಮೆಲೇ ಬೆಂಗಳೂರಿನ ಕಡೆ ತಿರುಗಿದಾಗ ಕ್ಲಬ್ಬಿನ ಆಟಗಾರರಿಗೆ ಏನಾಯಿತು, ಆಯ್ಕೆಗಾರರ ಕಣ್ಣಿಗೆ ಬೀಳಲು ಅವರು ಎಲ್ಲಿಗೆ ಹೋಗಬೇಕಾಯಿತು ಎಂಬುದನ್ನು ಹಿರಿಯ ಸದಸ್ಯರನ್ನು ಕೇಳಿ ಬರೆಸಿದ್ದರೆ ಸಂಚಿಕೆಯ ತೂಕವೇ ಬೇರೆಯಾಗುತ್ತಿತ್ತು.

ಅದರ ಬದಲು ಗದಗಿನ ಸುನೀಲ್ ಜೋಶಿಯವರಿಗೆ ಉದ್ದನೆಯ ಲೇಖನ ಮೀಸಲಾಗಿದೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಅವರು 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದದ್ದು ನಮ್ಮ ಭಾಗದ ಹೆಮ್ಮೆಯೇ ಸರಿ, ಆದರೆ 1970ರಲ್ಲಿ ಹುಟ್ಟಿದವರಿಗೂ ಈ ಕ್ಲಬ್ಬಿನ ಆರಂಭಕ್ಕೂ ಏನು ಸಂಬಂಧ? (ನಮ್ಮ ಕಡೆಯ ಯಾವ ಕ್ರೀಡಾ ಸಂಚಿಕೆಯೂ ಅವರನ್ನು ಬಿಟ್ಟು ಮುಗಿಯುವುದಿಲ್ಲವೇನೋ.)

ಮುದ್ರಣ ಅಚ್ಚುಕಟ್ಟಾಗಿದೆ, ಹೊಲಿಗೆ ಗಟ್ಟಿಯಾಗಿಲ್ಲ. ಹಳೆಯ ತಂಡಗಳ ಚಿತ್ರಗಳ ಕೆಳಗೆ ನಿಂತವರ, ಕುಳಿತವರ ಹೆಸರುಗಳಿಲ್ಲ. ಅವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಮರುಮುದ್ರಣ ಮಾಡಿ, ಸನ್ಮಾನದ ಚಿತ್ರಗಳ ಜಾಗದಲ್ಲಿ ಹಳೆಯ ಸ್ಕೋರ್ ಪುಸ್ತಕದ ಪುಟಗಳನ್ನು ಅಚ್ಚು ಹಾಕಿದರೆ ನಾನು ಎರಡನೆಯ ಪ್ರತಿಯನ್ನೂ ಕೊಳ್ಳುತ್ತೇನೆ.