ಹಾಕಿ ಹಾಲ್ ಆಫ್ ಫೇಮ್, ಟೊರಾಂಟೊ: ಇಬ್ಬರು ನಾಯಕರು, ಒಂದು ಕಪ್

ಟೊರಾಂಟೊ ನಗರದಲ್ಲಿ ಯಂಗ್ ಮತ್ತು ಫ್ರಂಟ್ ರಸ್ತೆಗಳು ಕೂಡುವ ಮೂಲೆಯಲ್ಲಿ, 1885ರಲ್ಲಿ ಬ್ಯಾಂಕ್ ಆಫ್ ಮಾಂಟ್ರಿಯಲ್‌ಗಾಗಿ ಕಟ್ಟಿದ ಕಲ್ಲಿನ ಕಟ್ಟಡವನ್ನು ಒಳಗೊಂಡು, 1993ರಿಂದ ಹಾಕಿ ಹಾಲ್ ಆಫ್ ಫೇಮ್ ನಡೆಯುತ್ತಿದೆ. ಹೆಸರಾಂತ ಆಟಗಾರರನ್ನು ಸದಸ್ಯರಾಗಿ ಸೇರಿಸಿಕೊಂಡು ಗೌರವಿಸುವ ವಸ್ತುಸಂಗ್ರಹಾಲಯವಿದು. ಹಾಕಿ ಎಂದೊಡನೆ ಧ್ಯಾನ್‌ಚಂದ್ ಅವರನ್ನೋ ಕೊಡಗಿನ ಕುಟುಂಬ ಪಂದ್ಯಾವಳಿಗಳನ್ನೋ ನೆನೆಯುವ ನಮ್ಮವರಿಗೆ ಇದು ಬೇರೆಯೇ ಲೋಕ. ಇಲ್ಲಿರುವುದೆಲ್ಲ ಮಂಜುಗಡ್ಡೆಯ ಮೇಲಿನ ಆಟಕ್ಕೆ ಸಂಬಂಧಿಸಿದ್ದು. ಯಾವಾಗ ಹೋದರೂ ನೋಡುವುದಕ್ಕೆ ಸಾಕಷ್ಟಿದೆಯಾದರೂ, ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಋತು ಆಗತಾನೇ ಶುರುವಾಗಿರುವ ಅಕ್ಟೋಬರ್–ನವೆಂಬರ್ ತಿಂಗಳುಗಳೇ ಇದಕ್ಕೆ ತಕ್ಕ ಕಾಲವೆಂದು ನನ್ನ ಅಭಿಪ್ರಾಯ. ಹೊಸ ಸದಸ್ಯರ ಸೇರ್ಪಡೆ ನಡೆಯುವುದು ನವೆಂಬರಿನಲ್ಲಿ. 2025ರ ಸಮಾರಂಭ ನವೆಂಬರ್ 10ರಂದು ನಡೆಯಿತು.

ಆ ವರ್ಷದ ಹೊಸ ಸದಸ್ಯರಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡದ ಇಬ್ಬರು ಮಾಜಿ ನಾಯಕರಿದ್ದರು: ಜೋ ಥಾರ್ನ್‌ಟನ್ ಮತ್ತು ಜ್ಡೆನೊ ಚಾರಾ. 2005ರ ನವೆಂಬರ್ 30ರಂದು, ಋತು ಇನ್ನೂ ಕಾಲು ಭಾಗ ಮುಗಿದಿರುವಾಗಲೇ, ಬಾಸ್ಟನ್ ತನ್ನ ನಾಯಕನಾಗಿದ್ದ ಥಾರ್ನ್‌ಟನ್‌ರನ್ನು ಸ್ಯಾನ್ ಹೋಸೆ ತಂಡಕ್ಕೆ ಕೊಟ್ಟುಬಿಟ್ಟಿತು. ಅದೇ ಋತುವಿನ ಕೊನೆಗೆ ಅವರು ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನು ಗೆದ್ದರು. ಮರುವರ್ಷ ಬಾಸ್ಟನ್‌ಗೆ ಬಂದ ಸ್ಲೊವಾಕಿಯಾದ ಚಾರಾ ಅಲ್ಲಿ 14 ಋತುಗಳ ಕಾಲ ನಾಯಕರಾಗಿದ್ದು, 2011ರಲ್ಲಿ, ಲೀಗಿನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟಾನ್ಲಿ ಕಪ್ ಎತ್ತಿದರು. ಥಾರ್ನ್‌ಟನ್ 1,714 ಪಂದ್ಯಗಳನ್ನು ಆಡಿಯೂ ಆ ಕಪ್ಪನ್ನು ಗೆಲ್ಲಲಿಲ್ಲ. ಒಬ್ಬ ಹಿರಿಯ ನಾಯಕನು ಬಿಟ್ಟುಹೋಗುವುದಾದರೂ ಏನು ಎಂಬ ಪ್ರಶ್ನೆಗೆ ಇವರಿಬ್ಬರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು, ಮತ್ತು ಈ ವಸ್ತುಸಂಗ್ರಹಾಲಯದ ಬಲವೂ ದೌರ್ಬಲ್ಯವೂ ಅದೇ ಪ್ರಶ್ನೆಯ ಸುತ್ತ ಕಾಣುತ್ತವೆ.

ಬಲವಿರುವುದು ಮೇಲಿನ ಗ್ರೇಟ್ ಹಾಲ್‌ನಲ್ಲಿ. ಹಿಂದೆ ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದ, ಬಣ್ಣದ ಗಾಜಿನ ಗುಮ್ಮಟವಿರುವ ಈ ಸಭಾಂಗಣದಲ್ಲಿ ಕಪ್ ನಿಂತಿದೆ. ಸುತ್ತಲೂ ಸದಸ್ಯರ ಚಿತ್ರಗಳನ್ನು ಕೆತ್ತಿದ ಗಾಜಿನ ಫಲಕಗಳಿವೆ. ಸುಮಾರು 89 ಸೆಂಟಿಮೀಟರ್ ಎತ್ತರದ, 15 ಕಿಲೋ ಮೀರಿ ತೂಗುವ ಈ ಬೆಳ್ಳಿಯ ಕಪ್ಪನ್ನು ಪ್ರೇಕ್ಷಕರು ಹತ್ತಿರದಿಂದ ನೋಡಬಹುದು, ಮುಟ್ಟಬಹುದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಗೆಲ್ಲುವ ಮೊದಲು ಕಪ್ ಮುಟ್ಟಬಾರದೆಂಬ ನಂಬಿಕೆ ಆಟಗಾರರಲ್ಲಿ ಗಟ್ಟಿಯಾಗಿರುವುದರಿಂದ, ಅವರಿಗೇ ಇಲ್ಲದ ಸಲುಗೆ ನಮಗಿದೆ ಎನ್ನಬೇಕು. ಬಗ್ಗಿ ನೋಡಿದರೆ ಪ್ರತಿ ವರ್ಷದ ಗೆದ್ದ ತಂಡದವರ ಹೆಸರುಗಳು ಸಾಲಾಗಿ ಕಾಣುತ್ತವೆ. 1972ರ ಸಾಲಿನಲ್ಲಿ ಬಾಸ್ಟನ್ ಊರಿನ ಹೆಸರಿನ ಎರಡು ‘ಓ’ ಅಕ್ಷರಗಳ ಜಾಗದಲ್ಲಿ ‘ಕ್ಯೂ’ ಕೂತಿದೆ. 1984ರ ಸಾಲಿನಲ್ಲಿ, ಎಡ್ಮಂಟನ್ ತಂಡದ ಮಾಲೀಕರು ಸೇರಿಸಿದ್ದ ತಮ್ಮ ತಂದೆಯ ಹೆಸರನ್ನು ‘ಎಕ್ಸ್’ಗಳ ಸಾಲು ಹೊಡೆದು ಮುಚ್ಚಲಾಗಿದೆ. ಅವನ್ನೆಲ್ಲ ಹಾಗೆಯೇ ಉಳಿಸಿಕೊಂಡಿರುವುದು ನನಗೆ ಬಹಳ ಹಿಡಿಸಿತು.

ಈ ಹೆಸರುಗಳನ್ನು ಕೆತ್ತಿರುವುದು ಕಪ್ಪಿನ ಬುಡವನ್ನು ಬಳಸಿದ ಲೋಹದ ಪಟ್ಟಿಗಳ ಮೇಲೆ. ಕೆಳಗಿನಿಂದ ಎರಡನೆಯ ಪಟ್ಟಿಯಲ್ಲಿ ಚಾರಾ ಅವರ ಹೆಸರಿದೆ. ಪಿಟ್ಸ್‌ಬರ್ಗ್ ನಾಯಕ ಸಿಡ್ನಿ ಕ್ರಾಸ್ಬಿಯವರ ಹೆಸರು 2009, 2016, 2017ರ ಸಾಲುಗಳಲ್ಲಿ ಮೂರು ಸಲ ಬರುತ್ತದೆ. ಇಲ್ಲಿ ಗೋಲುಗಳ ಲೆಕ್ಕವಿಲ್ಲ, ಸಂಬಳದ ಲೆಕ್ಕವಿಲ್ಲ. ಪಟ್ಟಿ ತುಂಬಿದಾಗ ಅತಿ ಹಳೆಯದನ್ನು ಬಿಚ್ಚಿ ಕೆಳಗೆ ಹೊಸದನ್ನು ಸೇರಿಸುತ್ತಾರೆ. 2018ರಲ್ಲಿ ಹೀಗಾದಾಗ 1954ರಿಂದ 1965ರವರೆಗಿನ ಗೆಲುವುಗಳ ಪಟ್ಟಿಯನ್ನು ಕಪ್ಪಿನಿಂದ ತೆಗೆಯಲಾಯಿತು. ಬಿಚ್ಚಿದ ಪಟ್ಟಿಗಳೂ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿ 1892ರಲ್ಲಿ ಕೊಟ್ಟ ಮೂಲ ಬಟ್ಟಲೂ ಅದೇ ಸಭಾಂಗಣದ ಬದಿಯ ಹಳೆಯ ಬ್ಯಾಂಕ್ ತಿಜೋರಿಯ ಕೋಣೆಯಲ್ಲಿವೆ. ಬಹಳ ಮಂದಿ ಕಪ್ ಬಳಿ ಫೋಟೊ ಮುಗಿಸಿ ಹೊರಟುಬಿಡುತ್ತಾರೆ. ಆ ಕೋಣೆಯನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ದೌರ್ಬಲ್ಯವಿರುವುದು ಗಾಜಿನ ಫಲಕಗಳಲ್ಲಿ. ಒಂದು ಮುಖ, ಕೆಲವೇ ಸಾಲು ಬರಹ. ಆಟಗಾರನು ಏನು ಗೆದ್ದನೆಂಬುದು ತಿಳಿಯುತ್ತದೆ, ನಾಯಕನಾಗಿ ಏನು ಮಾಡಿದನೆಂಬುದು ತಿಳಿಯುವುದಿಲ್ಲ. ಐಸ್ ಹಾಕಿಯಲ್ಲಿ ನಾಯಕನೆಂದರೆ ಎದೆಯ ಮೇಲೆ ‘ಸಿ’ ಅಕ್ಷರ ಹೊತ್ತು ತೀರ್ಪುಗಾರರೊಡನೆ ಮಾತಾಡುವವನಷ್ಟೇ ಅಲ್ಲ. ಡ್ರೆಸಿಂಗ್ ರೂಮಿನ ನಡಾವಳಿಯನ್ನು ರೂಪಿಸುವವನೂ ಅವನೇ. ಹೊಸ ಹುಡುಗರನ್ನು ಗೋಳುಹೊಯ್ದುಕೊಳ್ಳುವ ಹಳೆಯ ಪದ್ಧತಿಯನ್ನು ಚಾರಾ ತಮ್ಮ ತಂಡದಲ್ಲಿ ನಡೆಯಗೊಡಲಿಲ್ಲ. 2019ರ ಫೈನಲ್ ಸರಣಿಯಲ್ಲಿ ದವಡೆ ಮುರಿದಿದ್ದರೂ ಮುಂದಿನ ಪಂದ್ಯಕ್ಕೆ ಇಳಿದರು. ಇಂತಹ ಸಂಗತಿಗಳಿಗೆ ಫಲಕದಲ್ಲಿ ಜಾಗ ಸಾಲದು ನಿಜ, ಆದರೆ ಇಷ್ಟು ದೊಡ್ಡ ಸಂಸ್ಥೆಯು ನಾಯಕತ್ವಕ್ಕೆಂದೇ ಒಂದು ಮೂಲೆಯನ್ನು ಮೀಸಲಿಡಬಾರದೇ? 2001ರಲ್ಲಿ ಕೊಲರಾಡೊ ನಾಯಕ ಜೋ ಸ್ಯಾಕಿಕ್ ತಾವು ಎತ್ತುವ ಮೊದಲೇ ಕಪ್ಪನ್ನು, 22 ವರ್ಷ ಆಡಿ ಬಂದಿದ್ದ ರೇ ಬೋರ್ಕ್ ಅವರ ಕೈಗೆ ದಾಟಿಸಿದ ಒಂದು ಕ್ಷಣವೇ ಅಂತಹ ಮೂಲೆಗೆ ಸಾಕಾಗುತ್ತಿತ್ತು.

ಈ ಕೊರತೆ 2025ರಲ್ಲಿ ಹೆಚ್ಚಾಗಿ ಕಂಡದ್ದಕ್ಕೆ ಲೀಗಿನ ಸುದ್ದಿಗಳೇ ಕಾರಣ. ಲಾಸ್ ಏಂಜಲೀಸ್ ನಾಯಕ ಆಂಜೆ ಕೊಪಿಟಾರ್ 2025–26 ತಮ್ಮ ಕೊನೆಯ ಋತುವೆಂದು ಸೆಪ್ಟೆಂಬರಿನಲ್ಲೇ ಸಾರಿದ್ದರು. 2024 ಮತ್ತು 2025ರಲ್ಲಿ ಕಪ್ ಎತ್ತಿದ ಫ್ಲೋರಿಡಾ ನಾಯಕ ಅಲೆಕ್ಸಾಂಡರ್ ಬಾರ್ಕೊವ್, ಋತುಪೂರ್ವ ಅಭ್ಯಾಸದಲ್ಲಿ ಮಂಡಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಷಿಕಾಗೊಗೆ ಮೂರು ಕಪ್ ತಂದುಕೊಟ್ಟ ನಾಯಕ ಜೊನಾಥನ್ ಟೇವ್ಸ್, ಅನಾರೋಗ್ಯದಿಂದ ಎರಡು ಋತು ದೂರವಿದ್ದು, ಹುಟ್ಟೂರು ವಿನಿಪೆಗ್‌ನ ತಂಡ ಸೇರಿ ಆಟಕ್ಕೆ ಮರಳಿದರು. ಆಟ ನಿಲ್ಲಿಸಿ ಮೂರು ಋತು ಕಳೆದ ಮೇಲೆಯೇ ಇಲ್ಲಿ ಸದಸ್ಯತ್ವ ಎಂಬ ನಿಯಮವಿರುವುದರಿಂದ, ಮರಳಿ ಸ್ಕೇಟ್ ಕಟ್ಟಿದ ಟೇವ್ಸ್ ತಮ್ಮ ಸರದಿಯನ್ನು ತಾವೇ ಮುಂದೂಡಿಕೊಂಡಂತಾಯಿತು. ನನ್ನ ಮಟ್ಟಿಗೆ ಅದೇ ಆ ಋತುವಿನ ಚೆಂದದ ಸುದ್ದಿ.

ಉಳಿದ ವಿಭಾಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೋಲ್‌ಕೀಪರ್‌ಗಳ ಮುಖವಾಡಗಳ ಸಾಲು ಚೆನ್ನಾಗಿದೆ. ಪರದೆಯ ಮೇಲಿನ ಗೋಲಿಗೆ ನಿಜವಾದ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆ) ಹೊಡೆಯುವ ಆಟ ಮಕ್ಕಳಿಗೆ ಬಲು ಇಷ್ಟ, ಆದ್ದರಿಂದ ರಜಾದಿನಗಳಲ್ಲಿ ಅಲ್ಲಿ ಸರತಿ ಸಾಲು ಉದ್ದ. ಟಿಕೆಟ್ ಅಗ್ಗವಲ್ಲ, ಮಳಿಗೆಯ ಜೆರ್ಸಿಗಳಂತೂ ಇನ್ನೂ ದುಬಾರಿ. ಯೂನಿಯನ್ ರೈಲು ನಿಲ್ದಾಣದಿಂದ ನೆಲದಡಿಯ ದಾರಿಯಲ್ಲೇ ನಡೆದು ಬರಬಹುದಾದ್ದರಿಂದ, ಊರಿನಿಂದ ಬಂದ ಹಿರಿಯರನ್ನು ಚಳಿಯಲ್ಲೂ ಕರೆತರಲು ತೊಂದರೆಯಿಲ್ಲ. ಹಾಗೆ ಬಂದವರು ಕೆಳಗಿನ ಆಟಗಳನ್ನು ಬಿಟ್ಟು ಮೊದಲು ಗ್ರೇಟ್ ಹಾಲ್‌ಗೆ ಹೋಗುವುದು ಲೇಸು; ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ತಲುಪಿದರೆ ಕಪ್ಪಿನ ಸುತ್ತ ನಿಧಾನವಾಗಿ ಓದುತ್ತ ಬರಲು ಬಿಡುವಿರುತ್ತದೆ.